ಹಕ್ಕಳೆ ಕಿತ್ತ ಪಟ್ಟಿ

ಹೊಸ ಬ್ಯಾಚ್ ಬಂದಾಗಲೆಲ್ಲ ಒಂದೆರಡು ದಿನ ನನ್ನ ಎಡಗೈ ನೋಡುವಂತಿರುವುದಿಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲಾಗಿ ಅಂಟುಪಟ್ಟಿಗಳು. ಒಂದರ ಕೆಳಗೂ ಗಾಯವಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮೊದಲು ಕೈ ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ, ಆಮೇಲೆ ಸ್ವಲ್ಪ ಆಚೆ ಸರಿಯುತ್ತಾರೆ. ಬೆಂಗಳೂರಿನ ಬಸ್ಸಿನಲ್ಲಿ ಆರಾಮಾಗಿ ಕೂರಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಕೆ.ಆರ್. ಪುರದ ಒಂದು ಗಲ್ಲಿಯಲ್ಲಿ, ಲೇತ್ ಅಂಗಡಿಗಳ ನಡುವೆ, ಸಣ್ಣಪುಟ್ಟ ಗಾಯಕ್ಕೆ ಹಾಕುವ ಅಂಟುಪಟ್ಟಿ ತಯಾರಿಸುವ ಕಾರ್ಖಾನೆ ನಮ್ಮದು. ಅಲ್ಲಿ ಗುಣಮಟ್ಟ ನೋಡುವುದು ನನ್ನ ಕೆಲಸ. ಆ ವಿಭಾಗದ ಮುಖ್ಯಸ್ಥನೂ ನಾನೇ, ಸಿಬ್ಬಂದಿಯೂ ನಾನೇ. ಅಂಟು ಚರ್ಮಕ್ಕೆ ಒಗ್ಗುತ್ತದೆಯೇ ಎಂದು ತಿಳಿಯಲು ನಿಯಮದ ಪ್ರಕಾರ ಮಾಡುವ ಪರೀಕ್ಷೆಗಳು ಇದ್ದೇ ಇವೆ. ಅವುಗಳ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ (ನನಗೆ ಗ್ಯಾಸ್ ಸ್ಟೌವಿನ ಗುಂಡಿಯ ಮೇಲೂ ಇಲ್ಲ), ಹಾಗಾಗಿ ಮೈಮೇಲೂ ಅಂಟಿಸಿ ನೋಡುತ್ತೇನೆ. ಇದಕ್ಕೆ ಒಳ್ಳೆಯ ಜಾಗ ಬೆನ್ನು. ಬೆವರು ಬರುತ್ತದೆ, ಕೆರೆದುಕೊಳ್ಳಲು ಕೈ ಹೋಗುವುದಿಲ್ಲ. ಹೆಂಡತಿ ಇದ್ದಷ್ಟು ಕಾಲ ಬೆನ್ನಿನ ಮೇಲೆಯೇ ಅಂಟಿಸುತ್ತಿದ್ದೆ, ಅಂದರೆ ಅವಳು ಅಂಟಿಸುತ್ತಿದ್ದಳು. ತಾನು ಮದುವೆಯಾಗಿರುವುದು ಗಂಡನನ್ನೋ ಪೋಸ್ಟರ್ ಹಚ್ಚುವ ಗೋಡೆಯನ್ನೋ ಎಂದು ಕೇಳುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಪರೀಕ್ಷೆ ಎಡಗೈಗೆ ವರ್ಗವಾಯಿತು. ಬೆನ್ನಿಗೆ ನಾನೇ ಅಂಟಿಸಿಕೊಳ್ಳಲು ಒಮ್ಮೆ ಪ್ರಯತ್ನಿಸಿದ್ದೆ. ಕುತ್ತಿಗೆ ಉಳುಕಿತು.

ಈ ಪ್ರಸಂಗ ಶುರುವಾದದ್ದು ಒಂದು ಫೋನಿನಿಂದ. ನಮ್ಮ ಮಾಲೀಕರು ಬಹಳ ಓಡಾಡಿ, ಹತ್ತಾರು ಶಾಲೆ ನಡೆಸುವ ಒಂದು ಸಂಸ್ಥೆಯ ಆರ್ಡರ್ ತಂದಿದ್ದರು. ಅವರ ಎಲ್ಲ ಶಾಲೆಗಳ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲೂ ನಮ್ಮದೇ ಪಟ್ಟಿ ಇರಬೇಕು. ಮೊದಲು ನೋಡೋಣವೆಂದು ಹಲಸೂರಿನ ಒಂದು ಶಾಲೆಗೆ ಕೆಲವು ಡಬ್ಬ ಕಳಿಸಿದ್ದೆವು. ಉಳಿದದ್ದು ಗೋಡೌನಿನಲ್ಲಿ, ಮುಂದಿನ ವಾರ ಗಾಡಿ ಹತ್ತಲು ಸಿದ್ಧವಾಗಿತ್ತು. ಅಷ್ಟರಲ್ಲಿ ಹಲಸೂರಿನ ಶಾಲೆಯಲ್ಲಿ ಮಕ್ಕಳ ಗಾಯ ನೋಡಿಕೊಳ್ಳುವ ಮಿಸ್, ಡಬ್ಬದ ಮೇಲಿನ ನಂಬರಿಗೆ ಫೋನ್ ಮಾಡಿದರು. ಆ ನಂಬರ್ ನನ್ನ ಮೇಜಿನದು. ಅದು ರಿಂಗಾದದ್ದನ್ನು ನಾನು ಬಹಳ ದಿನಗಳ ನಂತರ ಕೇಳಿದ್ದೆ.

"ಸಾರ್, ನಿಮ್ ಪಟ್ಟಿ ತೆಗೆದ್ರೆ ಹಕ್ಕಳೆನೂ ಜೊತೇಲೇ ಕಿತ್ಕೊಂಡ್ ಬರ್ತಿದೆ. ವಾಸಿಯಾಗ್ತಿರೋ ಗಾಯ ಮತ್ತೆ ಹಸಿ ಆಗ್ತಿದೆ. ಈಗ ಮಕ್ಳು ಬಿದ್ರೂ ನಂಗೆ ಹೇಳ್ತಿಲ್ಲ. ಪಟ್ಟಿ ಹಾಕ್ತಾರೆ ಅಂತ ಹೆದರ್ಕೊಂಡು ಸಾಕ್ಸ್ ಮೇಲಕ್ಕೆಳ್ಕೊಂಡು ಗಾಯ ಮುಚ್ಚಿಡ್ತವೆ."

ನಾನು ಯಾವಾಗಲೂ ಹೇಳುವುದನ್ನೇ ಹೇಳಿದೆ. ಗಾಯವನ್ನು ಹರಿಯುವ ನೀರಿನಲ್ಲಿ ತೊಳೆದು, ಸುತ್ತಲಿನ ಚರ್ಮ ಒಣಗಿದ ಮೇಲೆ ಹಾಕಬೇಕು. ದಿನಕ್ಕೊಮ್ಮೆ, ಇಲ್ಲವೇ ಒದ್ದೆಯಾದ ಕೂಡಲೇ ಬದಲಾಯಿಸಬೇಕು. ತೆಗೆಯುವಾಗ ಮೇಲಕ್ಕೆ ಎತ್ತದೆ ಚರ್ಮಕ್ಕೆ ಸಮನಾಗಿ ನಿಧಾನವಾಗಿ ಎಳೆಯಬೇಕು. ಅವರು ಕೊನೆಯವರೆಗೂ ಕೇಳಿಸಿಕೊಂಡು, ತಾನು ಈ ಕೆಲಸ ಶುರುಮಾಡಿದಾಗಿನಿಂದ ಹಾಗೆಯೇ ಮಾಡುತ್ತಿದ್ದೇನೆ ಎಂದರು. ಕೋಪವೇನೂ ಇರಲಿಲ್ಲ. ಕೋಪ ಇದ್ದಿದ್ದರೆ ಬೈಸಿಕೊಂಡು ಮರೆಯಬಹುದಿತ್ತು.

ಮುಂದಿನ ಎರಡು ದಿನ ಕಾರಣ ಹುಡುಕಿದೆ. ಮೊದಲ ಅನುಮಾನ ಅಂಟಿನ ಮೇಲೆ. ಪಟ್ಟಿಯನ್ನು ಉಕ್ಕಿನ ತಟ್ಟೆಗೆ ಅಂಟಿಸಿ, ಒಂದೇ ವೇಗದಲ್ಲಿ ಎಳೆದು, ಎಷ್ಟು ಬಲಕ್ಕೆ ಬಿಡುತ್ತದೆ ಎಂದು ತೋರಿಸುವ ಯಂತ್ರವಿದೆ. ಬೇರೆ ಬೇರೆ ಡಬ್ಬದಿಂದ ತೆಗೆದು ಎಳೆದೆ. ಎಲ್ಲ ಇರಬೇಕಾದಷ್ಟೇ. ಎರಡನೆಯ ಅನುಮಾನ, ಕ್ರಿಮಿ ತೆಗೆಸಲು ಹೊರಗೆ ಕಳಿಸಿದಾಗ ಬಿಸಿಗೆ ಅಂಟು ಕರಗಿ ನಡುವಿನ ಮೆತ್ತೆಗೆ ಹರಿದಿರಬಹುದು ಎಂಬುದು. ಮೆತ್ತೆ ಎಂದರೆ ಪಟ್ಟಿಯ ಮಧ್ಯದಲ್ಲಿ ಗಾಯದ ಮೇಲೆ ಕೂರುವ ಬಿಳಿ ತುಂಡು. ಹತ್ತಿಯಂಥ ನಾರಿನ ಪದರ, ಅದರ ಒಂದು ಮುಖಕ್ಕೆ ಮಾತ್ರ ಸಣ್ಣ ತೂತುಗಳಿರುವ ತೆಳು ಪ್ಲಾಸ್ಟಿಕ್ ಪೊರೆ. ರಕ್ತ ತೂತಿನಿಂದ ಒಳಗೆ ಹೋಗುತ್ತದೆ, ಪೊರೆ ನುಣುಪಾಗಿರುವುದರಿಂದ ಹಕ್ಕಳೆಗೆ ಹಿಡಿದುಕೊಳ್ಳುವುದಿಲ್ಲ. ಅಂಟು ಅಲ್ಲಿಗೆ ಹರಿದಿರಲಿಲ್ಲ. ನನ್ನ ಕೈಮೇಲಿದ್ದ ಪಟ್ಟಿಗಳನ್ನೂ ಒಂದೊಂದಾಗಿ ಕಿತ್ತೆ. ನಾಲ್ಕು ಕೂದಲು ಬಂದವು, ಅಷ್ಟೇ.

ಇನ್ನೊಂದು ಪರೀಕ್ಷೆಯನ್ನು ಹೇಳಲೇಬೇಕು. ಮೆತ್ತೆಯ ಮೇಲೆ ಬಣ್ಣದ ನೀರಿನ ಹನಿ ಬಿಟ್ಟು, ಅದನ್ನು ಎಷ್ಟು ಹೊತ್ತಿಗೆ ಹೀರಿಕೊಳ್ಳುತ್ತದೆ ಎಂದು ನೋಡುತ್ತೇವೆ. ಈ ಬ್ಯಾಚಿನಲ್ಲಿ ಹನಿ ಬಿಟ್ಟ ಕೂಡಲೇ ಮಾಯವಾಗಿತ್ತು. ಹಿಂದಿನ ಯಾವ ಬ್ಯಾಚೂ ಅಷ್ಟು ಬೇಗ ಹೀರಿರಲಿಲ್ಲ. ಎಲ್ಲದರಲ್ಲೂ ಕೇಡನ್ನೇ ಹುಡುಕುವ ನಾನು ಅದನ್ನು ಕಂಡು ಖುಷಿಪಟ್ಟಿದ್ದೆ. ಮೆತ್ತೆ ಪೂರೈಸುವ ಹೊಸ ಕಂಪನಿಯವರು ಒಳ್ಳೆಯ ಮಾಲು ಕೊಡುತ್ತಿದ್ದಾರೆ ಎಂದು ಮಾಲೀಕರ ಮುಂದೆ ಹೊಗಳಿಯೂ ಇದ್ದೆ. ವರ್ಷಕ್ಕೊಮ್ಮೆ ನಿಶ್ಚಿಂತನಾಗುತ್ತೇನೆ, ಆ ವರ್ಷದ್ದು ಅಂದು ಮುಗಿದಿತ್ತು.

ಭಾನುವಾರ ಕಮ್ಮನಹಳ್ಳಿಯ ನನ್ನ ಮನೆಯಲ್ಲಿ ಚಟ್ನಿಗೆಂದು ಕಾಯಿ ತುರಿಯುತ್ತಿದ್ದೆ. ಒಬ್ಬನಿಗೆ ಚಟ್ನಿ ಮಾಡುವುದು ಮೂರ್ಖತನ, ಅರ್ಧ ಹೋಳೂ ಹೆಚ್ಚು. ಹಲಸೂರಿನ ಮಿಸ್ ಹೇಳಿದ್ದನ್ನೇ ಯೋಚಿಸುತ್ತ ಇದ್ದಾಗ ಚಿಪ್ಪು ಜಾರಿ, ಬಲಗೈಯ ತೋರುಬೆರಳ ಗೆಣ್ಣು ತುರಿಮಣೆಯ ಹಲ್ಲಿಗೆ ಉಜ್ಜಿ ಚರ್ಮ ಎದ್ದಿತು. ನಲ್ಲಿ ಕೆಳಗೆ ಹಿಡಿದೆ, ಬಟ್ಟೆ ಒತ್ತಿ ರಕ್ತ ನಿಲ್ಲಿಸಿದೆ, ಬ್ಯಾಗಿನಲ್ಲಿದ್ದ ಅದೇ ಬ್ಯಾಚಿನ ಸ್ಯಾಂಪಲ್ ಪಟ್ಟಿ ತೆಗೆದೆ. ಪೊಟ್ಟಣವನ್ನು ಹಲ್ಲಿನಿಂದ ಹರಿದದ್ದಾಯಿತು. ಆದರೆ ಪಟ್ಟಿಯ ಹಿಂದಿರುವ ಎರಡು ಕಾಗದದ ರೆಕ್ಕೆಗಳನ್ನು ಒಂದೊಂದು ದಿಕ್ಕಿಗೆ ಎಳೆಯಬೇಕು, ಮೂರನೆಯದೊಂದು ಕೈ ಬೆರಳನ್ನು ಚಾಚಿಕೊಂಡಿರಬೇಕು. ಎಡಗೈ ಮತ್ತು ಹಲ್ಲು ಸೇರಿ ಮೊದಲ ಪಟ್ಟಿಯನ್ನು ಮುದ್ದೆ ಮಾಡಿದವು. ಎರಡನೆಯದು ನನ್ನ ಕೆಳತುಟಿಗೆ ಅಂಟಿತು. ಇಷ್ಟು ವರ್ಷ ಇದನ್ನು ಪರೀಕ್ಷಿಸಿ ಪಾಸು ಮಾಡಿದ ನನಗೆ ಅವತ್ತು ಗೊತ್ತಾಯಿತು: ಅಂಟುಪಟ್ಟಿಯನ್ನು ಮೊದಲು ಯೋಚಿಸಿದವರು ಪ್ರತಿ ಮನೆಯಲ್ಲೂ ಇಬ್ಬರಿರುತ್ತಾರೆ ಎಂದು ನಂಬಿದ್ದರು. ಮೂರನೆಯದು ಸೊಟ್ಟಗೆ ಕೂತಿತು. ಚಟ್ನಿ ಮಾಡಲಿಲ್ಲ.

ಸೋಮವಾರ ಕಾರ್ಖಾನೆಗೆ ಹೋದ ಮೇಲೆ ಪಟ್ಟಿ ಬದಲಾಯಿಸೋಣವೆಂದು ತುದಿ ಬಿಡಿಸಿದೆ, ನಿಯಮದಂತೆ ನಿಧಾನವಾಗಿ ಎಳೆದೆ. ಎರಡೂ ಕಡೆಯ ಅಂಟು ಬಿಟ್ಟಿತು. ನಡುವಿನ ಮೆತ್ತೆ ಮಾತ್ರ ಬರಲಿಲ್ಲ. ಇನ್ನಷ್ಟು ಎಳೆದೆ. ಬಂತು, ಹಕ್ಕಳೆಯನ್ನೂ ಕರೆದುಕೊಂಡು ಬಂತು. ಗೆಣ್ಣು ಮತ್ತೆ ಕೆಂಪಗೆ ತೊಟ್ಟಿಕ್ಕಿತು. ನನಗೆ ಮೊದಲು ಆದದ್ದು ಸಮಾಧಾನ, ಮಿಸ್ ಹೇಳಿದ್ದು ನಿಜ, ನಾನು ಹುಡುಕುತ್ತಿರುವುದು ಇರುವ ವಸ್ತುವನ್ನೇ ಎಂಬ ಸಮಾಧಾನ. ನೋವು ಆಮೇಲೆ ಬಂತು.

ಹೊಸ ಪಟ್ಟಿಯೊಂದನ್ನು ಭೂತಗನ್ನಡಿಯ ಕೆಳಗಿಟ್ಟೆ. ಗಾಯದ ಕಡೆ ಕಾಣಬೇಕಾದ ತೂತಿನ ಪೊರೆ ಇರಲಿಲ್ಲ, ಬರೀ ನಾರು. ಮೆತ್ತೆಯನ್ನು ಕಿತ್ತು ಮಗುಚಿದೆ. ನುಣುಪಾದ ಪೊರೆ ಅಂಟಿನ ಕಡೆ ಮುಖಮಾಡಿ ಮಲಗಿತ್ತು. ಬಿಳಿಯ ಮೇಲೆ ಬಿಳಿ, ಬರಿಗಣ್ಣಿಗೆ ವ್ಯತ್ಯಾಸ ಕಾಣುವುದೇ ಕಷ್ಟ. ನನ್ನ ಬಣ್ಣದ ಹನಿ ಅಷ್ಟು ಬೇಗ ಯಾಕೆ ಮಾಯವಾಗಿತ್ತು ಎಂದೂ ತಿಳಿಯಿತು: ಅದನ್ನು ತಡೆಯಲು ಮೇಲೆ ಪೊರೆಯೇ ಇರಲಿಲ್ಲ. ಮೆತ್ತೆ ನಿಜವಾಗಿಯೂ ಚೆನ್ನಾಗಿ ಹೀರುತ್ತಿತ್ತು. ರಕ್ತ ನಾರಿನೊಳಗೆ ಇಳಿದು ಒಣಗಿ, ಗಾಯ ಮತ್ತು ಪಟ್ಟಿ ಒಂದೇ ಆಗುವಷ್ಟು ಚೆನ್ನಾಗಿ. ಗಾಯವಿಲ್ಲದ ನನ್ನ ಎಡಗೈ ಇದನ್ನು ಎಷ್ಟು ವರ್ಷ ಕಳೆದರೂ ಹೇಳುತ್ತಿರಲಿಲ್ಲ.

ಮೆಷಿನ್ ನಡೆಸುವ ಅಕ್ಕನ ಹತ್ತಿರ ಹೋದೆ. ಮೆತ್ತೆ ಉದ್ದನೆಯ ಸುರುಳಿಯಾಗಿ ಬರುತ್ತದೆ, ಅದನ್ನು ಅವರು ಕಂಬಿಗೆ ಏರಿಸುತ್ತಾರೆ. ಏನಾದರೂ ಬದಲಾಯಿಸಿದ್ದೀರಾ ಎಂದು ಕೇಳಿದ್ದಕ್ಕೆ ಅವರ ಮುಖ ಬಿಳಿಚಿತು.

"ನಾನೇನೂ ಮಾಡಿಲ್ಲ ಸಾರ್. ಬಂದಂಗೇ ಏರ್ಸಿದೀನಿ, ಯಾವಾಗ್ಲೂ ಏರ್ಸೋ ಹಂಗೇ."

ಅದೇ ಆಗಿತ್ತು. ಹಳೆಯ ಕಂಪನಿಯವರು ಪೊರೆಯ ಮುಖ ಹೊರಗೆ ಬರುವಂತೆ ಸುತ್ತುತ್ತಿದ್ದರು. ಹೊಸಬರು ಒಳಗೆ ಬರುವಂತೆ ಸುತ್ತಿದ್ದರು. ಅಕ್ಕ ಯಾವಾಗಲೂ ಏರಿಸುವಂತೆಯೇ ಏರಿಸಿದ್ದರಿಂದ ಮೆತ್ತೆ ಉಲ್ಟಾ ಬಿದ್ದಿತ್ತು. ಕೈಗವಸು ಹಾಕಿಕೊಂಡು ಮುಟ್ಟುವವರಿಗೆ ನುಣುಪು, ತರಿ ಎರಡೂ ಒಂದೇ. ಯಾರ ತಪ್ಪೂ ಅಲ್ಲ ಎಂದು ಅವರಿಗೆ ಹೇಳಿದೆ. ನಂಬಿದಂತೆ ಕಾಣಲಿಲ್ಲ. ಮೆಷಿನ್ ನಿಲ್ಲಿಸಲು ಹೇಳಿ ಮಾಲೀಕರ ಕೋಣೆಗೆ ಹೋದೆ.

ಮಾಲೀಕರು ನನಗಿಂತ ಚಿಕ್ಕವರು. ಫ್ರೇಜರ್ ಟೌನಿನ ವ್ಯಾಪಾರದ ಮನೆತನದವರು, ಫೋನಿನಲ್ಲಿ ಮನೆಯವರ ಜೊತೆ ದಖನಿ ಉರ್ದು, ನಮ್ಮ ಜೊತೆ ಕನ್ನಡ. ಬೆರಳು ತೋರಿಸಿದೆ, ಪಟ್ಟಿ ತೋರಿಸಿದೆ, ಭೂತಗನ್ನಡಿ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು.

"ಉಲ್ಟಾ ಆಗಿದೆ, ಒಪ್ಪಿದೆ. ಆದ್ರೆ ಉಲ್ಟಾ ಆದ್ರೆ ಏನಾಗುತ್ತೆ ಸಾರ್? ಹತ್ತಿ ಹತ್ತೀನೇ ಅಲ್ವಾ? ನೀವೇ ಪಾಸ್ ಮಾಡಿದ್ದು. ಚೆನ್ನಾಗಿ ಹೀರುತ್ತೆ ಅಂತ ಇಲ್ಲೇ ನಿಂತ್ಕೊಂಡು ಹೇಳಿದ್ರಿ."

ಹೇಳಿದ್ದೆ. ಅವರು ಒರಟಾಗಿ ಮಾತಾಡುವವರಲ್ಲ. ಒಂದು ಶಾಲೆಯ ದೂರು, ಒಬ್ಬರ ಬೆರಳು. ಇಷ್ಟಕ್ಕೆ ಗೋಡೌನಿನ ಮಾಲನ್ನೆಲ್ಲ ತಡೆದರೆ ಆ ಸಂಸ್ಥೆಯವರು ಇನ್ನೊಮ್ಮೆ ನಮ್ಮ ಬಾಗಿಲಿಗೆ ಬರುವುದಿಲ್ಲ ಎಂದು ವಿವರಿಸಿದರು. ಮುಂದಿನ ಸುರುಳಿಯಿಂದ ಸರಿ ಮಾಡಿದರಾಯಿತಲ್ಲ ಎಂದೂ ಕೇಳಿದರು. ನಿಜ ಹೇಳಬೇಕೆಂದರೆ, ಆಗಲಿ ಎಂದುಬಿಡುವುದು ಸುಲಭವಿತ್ತು. ಪಾಸಾದದ್ದು ಪಾಸಾಗಿಯೇ ಉಳಿಯುತ್ತಿತ್ತು. ಆದರೆ ಮೊಣಕಾಲಿನ ಮೇಲಕ್ಕೆ ಎಳೆದುಕೊಂಡ ಸಾಕ್ಸು ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಒಂದು ದಿನ ಕೊಡಿ, ಕಣ್ಣಿಗೆ ಕಾಣುವಂತೆ ತೋರಿಸುತ್ತೇನೆ ಎಂದೆ.

ಹೇಗೆ ತೋರಿಸುವುದು ಎಂದು ಆಗ ಗೊತ್ತಿರಲಿಲ್ಲ. ಗಾಯ ಬೇಕು, ಗಾಯವನ್ನು ಯಾರಿಂದ ಸಾಲ ತರುವುದು? ಸಂಜೆ ಬಸ್ಸಿನಲ್ಲಿ ಯೋಚಿಸುತ್ತ ಬಂದೆ. ಚರ್ಮ ಬೇಕು, ರಕ್ತದ ಹಾಗೆ ಒಣಗಿ ಗಟ್ಟಿಯಾಗುವ ಏನೋ ಒಂದು ಬೇಕು. ಮೊಟ್ಟೆಯ ಬಿಳಿ ಹಾಗೆ ಒಣಗುತ್ತದೆ ಎಂದು ಎಲ್ಲೋ ಓದಿದ ನೆನಪು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾನು ಕಮ್ಮನಹಳ್ಳಿ ಮೇನ್ ರೋಡಿನ ಕೋಳಿ ಅಂಗಡಿಯ ಮುಂದೆ, ಯಾರಾದರೂ ಪರಿಚಯದವರು ಇದ್ದಾರೆಯೇ ಎಂದು ಎರಡೂ ಕಡೆ ನೋಡಿ, ನಿಂತೆ. ಅಂಗಡಿಯವರು ವಿತ್ ಸ್ಕಿನ್ನಾ, ಸ್ಕಿನ್‌ಲೆಸ್ಸಾ ಎಂದು ಕೇಳಿದರು. ಸ್ಕಿನ್ ಮಾತ್ರ ಎಂದೆ. ಕತ್ತಿ ನಿಂತಿತು.

"ನಾಯಿಗಾ ಸಾರ್?"

ಹೌದು ಎಂದೆ. ಯಾವ ಜಾತಿ ಎಂದರು. ಬೀದಿಯದ್ದು ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಪುಣ್ಯದ ಕೆಲಸ ಎಂದು, ದುಡ್ಡು ಬೇಡವೆಂದು, ಒಂದು ಕವರ್ ತುಂಬ ಕೊಟ್ಟರು. ಒಡನೆಯೇ ಕಾರ್ಖಾನೆಗೆ ಹಿಂದಿರುಗಿದೆ. ಬಸ್ಸಿನಲ್ಲಿ ಕೈಯಲ್ಲಿ ಕೋಳಿ ಚರ್ಮದ ಕವರ್, ತೊಡೆಯ ಮೇಲೆ ಮೊಟ್ಟೆಯ ಪೊಟ್ಟಣ. ಆವತ್ತೂ ಪಕ್ಕದ ಸೀಟು ಖಾಲಿ.

ಮೊದಲ ಪ್ರಯತ್ನ ಕೆಟ್ಟಿತು. ಕೋಳಿ ಚರ್ಮದ ಜಿಡ್ಡಿಗೆ ಪಟ್ಟಿ ಅಂಟಲೇ ಇಲ್ಲ, ಮೀನಿನ ಹಾಗೆ ಜಾರಿತು. ಚರ್ಮವನ್ನು ಹಲಗೆಗೆ ಪಿನ್ ಹೊಡೆದು ಬಿಗಿದೆ, ಸ್ಪಿರಿಟ್ಟಿನಲ್ಲಿ ಒರೆಸಿ ಫ್ಯಾನಿನ ಕೆಳಗೆ ಒಣಗಿಸಿದೆ. ಬ್ಲೇಡಿನಿಂದ ಮೇಲ್ಪದರವನ್ನು ಅಲ್ಲಲ್ಲಿ ಕೆರೆದು ಮೊಟ್ಟೆಯ ಬಿಳಿ ಹಚ್ಚಿದೆ. ಎಡಗಡೆಯ ಸಾಲಿಗೆ ಹಳೆಯ, ಸರಿಯಾದ ಪಟ್ಟಿ, ಬಲಗಡೆಗೆ ಹೊಸದು. ಹಲಗೆಯನ್ನು ಮೈಶಾಖಕ್ಕೆ ಇಟ್ಟಿರುವ ಬಿಸಿಪೆಟ್ಟಿಗೆಯಲ್ಲಿ ಸೇರಿಸಿ, ಬಾಗಿಲು ಮುಚ್ಚಿದೆಯೇ ಎಂದು ಮತ್ತೆ ಮತ್ತೆ ನೋಡಿ ಮನೆಗೆ ಹೋದೆ.

ಬೆಳಿಗ್ಗೆ ಮಾಲೀಕರು ಮೂಗಿಗೆ ಕರ್ಚೀಫು ಹಿಡಿದು ಬಂದರು. ನಾನು ಕೀಳುವುದಿಲ್ಲ, ನೀವೇ ಕೀಳಿ ಎಂದೆ. ನಾನು ಕಿತ್ತರೆ ನನಗೆ ಬೇಕಾದಂತೆ ಕಿತ್ತೆ ಎಂಬ ಅನುಮಾನ ಉಳಿಯಬಾರದು, ಅವರಿಗಲ್ಲ, ನನಗೆ. ಅವರು ಎಡಸಾಲಿನದನ್ನು ಎಳೆದರು. ನಯವಾಗಿ ಬಿಟ್ಟಿತು, ಒಣಗಿದ ಮೊಟ್ಟೆಯ ಬಿಳಿ ಚರ್ಮದ ಮೇಲೆ ಹಾಳೆಯಂತೆ ಹಾಗೆಯೇ ಉಳಿಯಿತು. ಬಲಸಾಲಿನದನ್ನು ಎಳೆದರು. ಚರ್ಮವೇ ಗೋಪುರದಂತೆ ಮೇಲೆದ್ದು, ಪಿನ್ನು ಕಿತ್ತು, ಆಮೇಲೆ ಚರ್ರೆಂದು ಹರಿಯಿತು. ಇನ್ನೊಂದನ್ನು ಎಳೆದರು. ಅದೂ ಹಾಗೆಯೇ. ಮೂರನೆಯದನ್ನು ಮುಟ್ಟಲಿಲ್ಲ. ಅವರ ಮಗಳೂ ಯಾವುದೋ ಶಾಲೆಯಲ್ಲಿ ಓದುತ್ತಾಳೆ.

"ಗಾಡಿ ಕ್ಯಾನ್ಸಲ್ ಮಾಡಿಸ್ತೀನಿ," ಎಂದರು. ಬಾಗಿಲ ಹತ್ತಿರ ಹೋಗಿ ತಿರುಗಿ, "ಹಲಸೂರಿಗೆ ಕೊರಿಯರ್‌ನೋರನ್ನ ಕಳ್ಸಿ ಡಬ್ಬ ವಾಪಸ್ ತರ್ಸಿ ಸಾರ್," ಎಂದರು.

ಆ ಸಂಸ್ಥೆಯವರಿಗೆ ಅವರು ಫೋನ್ ಮಾಡುವುದು ಗಾಜಿನಾಚೆ ಕಾಣುತ್ತಿತ್ತು. ಆಕಡೆಯವರು ನೋಡಿ ಹೇಳುತ್ತೇವೆ ಎಂದರಂತೆ. ಅದರ ಅರ್ಥ ಏನೆಂದು ವ್ಯಾಪಾರದಲ್ಲಿರುವವರಿಗೆ ಗೊತ್ತು.

ಕೊರಿಯರಿನವರು ಡಬ್ಬ ತರಬಲ್ಲರು. ಆದರೆ ಈಗಾಗಲೇ ಮಕ್ಕಳ ಮೊಣಕಾಲಿನ ಮೇಲೆ ಕೂತಿರುವ ಪಟ್ಟಿಗಳು? ಅವನ್ನು ಮನೆಯಲ್ಲಿ ಯಾರೋ ಅವಸರದಲ್ಲಿ ಒಂದೇ ಏಟಿಗೆ ಎಳೆಯುತ್ತಾರೆ. ಸರಿಯಾದ ಪಟ್ಟಿಗಳ ಒಂದು ಡಬ್ಬ, ಹತ್ತಿ, ಸಣ್ಣ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ತೆಗೆದುಕೊಂಡು ನಾನೇ ಹೊರಟೆ. ಯಾರೂ ಹೇಳಿರಲಿಲ್ಲ. ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಆಟೋ ನಿಂತಾಗ, ವಾಪಸ್ ಹೋಗಲು ಇನ್ನೂ ಕಾಲ ಮಿಂಚಿಲ್ಲ ಎಂದು ಹಲವು ಸಲ ಅನ್ನಿಸಿತು. ಮಕ್ಕಳ ಹತ್ತಿರ ಹೇಗೆ ಮಾತಾಡಬೇಕೆಂದು ನನಗೆ ಗೊತ್ತಿಲ್ಲ. ನಮಗೆ ಮಕ್ಕಳಿಲ್ಲ.

ಶಾಲೆಯ ಮಿಸ್ ನನ್ನನ್ನು ನೋಡಿ ಆಶ್ಚರ್ಯಪಟ್ಟರು. ಫೋನಿನಲ್ಲಿ ಇನ್ನೂ ವಯಸ್ಸಾದವರಂತೆ ಕೇಳಿಸಿದ್ದೆನಂತೆ. ನಡೆದದ್ದನ್ನು ಹೇಳಿದೆ. ಡಬ್ಬಗಳನ್ನು ತಂದು ಮುಂದಿಟ್ಟರು. ಆಮೇಲೆ ನಾಲ್ಕನೆಯ ಕ್ಲಾಸಿನ ಒಬ್ಬ ಹುಡುಗಿಯನ್ನು ಕರೆಸಿದರು. ಹಿಂದಿನ ದಿನ ಆಟದಲ್ಲಿ ಬಿದ್ದಿದ್ದಳು, ಮೊಣಕಾಲಿನ ಮೇಲೆ ನಮ್ಮ ಪಟ್ಟಿ, ಶಾಲೆಯಲ್ಲಿ ಬೇರೆ ಪಟ್ಟಿ ಇರಲಿಲ್ಲವಂತೆ. ಅವಳು ಬಾಗಿಲಲ್ಲೇ ನಿಂತಳು. ಹೊರಗೆ ಅವಳ ಕ್ಲಾಸಿನ ಮಕ್ಕಳು ಥ್ರೋಬಾಲ್ ಆಡುವ ಗದ್ದಲ.

"ಕೀಳ್ತೀರಾ?" ಎಂದಳು.

ಕೀಳುವುದಿಲ್ಲ, ನೆನೆಸುತ್ತೇನೆ ಎಂದೆ. ಅವಳು ಬೆಂಚಿನ ಮೇಲೆ ಕೂತಳು, ನಾನು ನೆಲದ ಮೇಲೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಮೆತ್ತೆಯ ಮೇಲಿಟ್ಟು ಅಂಗೈಯಿಂದ ಹಿಡಿದುಕೊಂಡೆ. ಒಣಗಿದ ರಕ್ತ ಮೆತ್ತಗಾಗಲು ಸಮಯ ಬೇಕು, ಇದರಲ್ಲಿ ಅವಸರ ನಡೆಯುವುದಿಲ್ಲ. ಸಣ್ಣ ಮೊಣಕಾಲು, ಬಿಸಿಯಾಗಿತ್ತು. ಇನ್ನೊಬ್ಬರ ಮೈಯನ್ನು ಇಷ್ಟು ಹೊತ್ತು ಮುಟ್ಟಿಕೊಂಡಿದ್ದು ಯಾವಾಗ ಎಂದು ಲೆಕ್ಕ ಹಾಕಲು ಹೋಗಿ, ಬಿಟ್ಟೆ.

"ನೀವು ಡಾಕ್ಟ್ರಾ?"

"ಅಲ್ಲಮ್ಮ. ಈ ಪಟ್ಟಿ ಮಾಡೋ ಕಡೆಯವನು."

ಅವಳು ನನ್ನ ತಲೆಯನ್ನೇ ನೋಡಿದಳು. "ಮತ್ತೆ ಯಾಕೆ ಹಿಂಗ್ ಮಾಡಿದ್ರಿ?"

ಎಷ್ಟು ಡಬ್ಬ, ಯಾವ ಸುರುಳಿ, ಯಾರು ಏರಿಸಿದ್ದು ಎಂದು ಎಲ್ಲರೂ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಒಳಗಿರಬೇಕಾದ ಮುಖ ಹೊರಗೆ, ಹೊರಗಿರಬೇಕಾದ ಮುಖ ಒಳಗೆ ಬಂದುಬಿಟ್ಟಿತು, ನಮಗೆ ಕಾಣಲಿಲ್ಲ ಎಂದೆ. ಅವಳಿಗೆ ಅದು ಸಾಕಾಯಿತು ಎಂದು ಕಾಣುತ್ತದೆ. ತಾನೂ ಒಂದು ದಿನ ಸ್ವೆಟರನ್ನು ಉಲ್ಟಾ ಹಾಕಿಕೊಂಡು ಬಂದಿದ್ದೆ, ಮಧ್ಯಾಹ್ನದವರೆಗೆ ಯಾರೂ ಹೇಳಿರಲಿಲ್ಲ ಎಂದಳು.

ಅಂಚುಗಳಿಗೆ ಎಣ್ಣೆ ಸವರಿದೆ. ಒಂದು ಕೈಯಿಂದ ಚರ್ಮವನ್ನು ಒತ್ತಿ ಹಿಡಿದು, ಇನ್ನೊಂದರಿಂದ ಪಟ್ಟಿಯನ್ನು ಅದರ ಮೇಲೆಯೇ ಮಡಚಿದಂತೆ, ಎಳೆ ಎಳೆಯಾಗಿ ಹಿಂದಕ್ಕೆ ತಂದೆ. ಮೆತ್ತೆ ಶುರುವಾಗುವ ಕಡೆ ನಿಲ್ಲಿಸಿ ಮತ್ತೆ ನೀರು ಹಾಕಿದೆ. ಅವಳ ಕಾಲ್ಬೆರಳುಗಳು ಶೂ ಒಳಗೆ ಮುದುರಿದ್ದು ನನಗೆ ಗೊತ್ತಾಯಿತು. ಮತ್ತೆ ಎಳೆದೆ. ಮೆತ್ತೆ ಎದ್ದಿತು, ಕೆಳಗೆ ಹಕ್ಕಳೆ ಕಂದು ಬಣ್ಣದಲ್ಲಿ ಪೂರ್ತಿಯಾಗಿ ಹಾಗೆಯೇ ಇತ್ತು. ಪೂರ್ತಿ ಎಂದು ಕೊಂಡಾಡುವಷ್ಟರಲ್ಲಿ ಒಂದು ಮೂಲೆ ಸ್ವಲ್ಪ ಹರಿದು, ಸಾಸಿವೆಯಷ್ಟು ರಕ್ತ ಕಾಣಿಸಿಕೊಂಡಿತು.

ನಾನು ಕೈ ತೆಗೆದುಬಿಟ್ಟೆ. ಅವಳು ಬಗ್ಗಿ ನೋಡಿದಳು.

"ಪರವಾಗಿಲ್ಲ ಅಂಕಲ್, ಸ್ವಲ್ಪಾನೇ," ಎಂದಳು. ಆಮೇಲೆ ಕಿಟಕಿಯಾಚೆ ನೋಡಿ, "ಬೇಗ ಹಾಕಿ, ನನ್ ಟರ್ನ್ ಹೋಗ್ಬಿಡುತ್ತೆ."

ಹೊಸ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಪೊರೆ ಹೊಳೆಯುವುದನ್ನು ನೋಡಿದೆ. ಇನ್ನೊಮ್ಮೆ ನೋಡಿದೆ. ಹಾಕಿದೆ. ಅವಳು ಒಮ್ಮೆ ಕಾಲು ಮಡಚಿ ಬಿಡಿಸಿ, ಓಡಿದಳು. ಸಾಕ್ಸು ಪಾದದ ಹತ್ತಿರವೇ ಮುದುಡಿಕೊಂಡಿತ್ತು, ಎಳೆದುಕೊಳ್ಳಲಿಲ್ಲ.

ಏಳಲೆಂದು ಬೆಂಚು ಹಿಡಿದೆ. ಮಿಸ್ ಬಾಗಿಲಲ್ಲಿ ನಿಂತಿದ್ದರು. ಎರಡನೆಯ ಕ್ಲಾಸಿನಲ್ಲಿ ಇನ್ನೊಬ್ಬನಿದ್ದಾನೆ, ಬಹಳ ಅಳುತ್ತಾನೆ, ತೊಂದರೆಯಿಲ್ಲವೇ ಎಂದು ಕೇಳಿದರು.

ಬೆಂಚು ಬಿಟ್ಟು ಮತ್ತೆ ನೆಲದ ಮೇಲೆ ಕೂತು, ಕಳಿಸಿ ಎಂದೆ.